ಕಡುಬಿನೊಳಗಿನ ಮಾತ್ರೆ

ದನಗಳಿಗೆ ಔಷಧಿ ಕುಡಿಸುವುದರಲ್ಲಿ ನನ್ನ ಕೈ ಒಳ್ಳೆಯದೆಂದು ಹಾನುಬಾಳಿನ ಸುತ್ತಲ ನಾಲ್ಕೂರಿನವರು ಒಪ್ಪುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಕಷಾಯವನ್ನು ಬಿದಿರಿನ ಗೊಟ್ಟಕ್ಕೆ ತುಂಬಿ, ದನದ ಮೂತಿ ಎತ್ತಿ ಹಿಡಿದು, ದವಡೆಯ ಪಕ್ಕದಿಂದ ಇಳಿಸಿದರೆ ಒಂದು ತೊಟ್ಟೂ ನೆಲಕ್ಕೆ ಬೀಳುವುದಿಲ್ಲ. ಗುಳಿಗೆಯಾದರೆ ಇನ್ನೂ ಸಲೀಸು. ಬೆಲ್ಲದ ಉಂಡೆಯಲ್ಲಿ ಹುದುಗಿಸಿ, ಆಕಾಶ ನೋಡುತ್ತಾ ನಿಂತವನಂತೆ ಕೈ ಚಾಚಬೇಕು. "ಕೊಡೋನ ಮುಖದಲ್ಲಿ ಔಷಧಿ ಕಾಣಬಾರ್ದು ಕಣೋ" ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನನಗೆ ಮಾತು ಕಲಿಸಿದವಳೂ ಅವಳೇ, ದನದ ಬಾಯಿ ತೆರೆಸುವುದನ್ನು ಕಲಿಸಿದವಳೂ ಅವಳೇ. ಎರಡೂ ವಿದ್ಯೆ ಇವತ್ತಿಗೂ ನನ್ನ ಹತ್ತಿರ ಇವೆ.

ಎರಡನೆಯದನ್ನು ಮೊಮ್ಮಗಳ ಮೇಲೆ ಪ್ರಯೋಗಿಸಲು ಹೋಗಿ ಕೆಟ್ಟೆ.

ಮೊಮ್ಮಗಳೆಂದರೆ ನನ್ನ ಒಬ್ಬನೇ ಮಗನ ಒಬ್ಬಳೇ ಮಗಳು. ಮಗ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಸೊಸೆ ಅಂಗನವಾಡಿ ಟೀಚರ್. ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆಂದರೆ ಹುಡುಗಿ ನನ್ನ ಮತ್ತು ನನ್ನ ಹೆಂಡತಿಯ ಪಾಲು. ಅವಳಿಗೆ ಎಂಟು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವಳಿಗೆ ಕಾಲು ನೇರ ಮಾಡಲು ಆಗಲಿಲ್ಲ. ಮೊಣಕಾಲಿನ ಚಿಪ್ಪು ಎಲ್ಲಿದೆ ಎಂದೇ ತಿಳಿಯದಷ್ಟು ಊತ. ಬಿದ್ದಿರಬೇಕು ಎಂದು ಎಣ್ಣೆ ತಿಕ್ಕಿದೆವು, ಉಳುಕಿರಬೇಕು ಎಂದು ಪಟ್ಟು ಹಾಕಿದೆವು. ಕೊನೆಗೆ ಮಂಗಳೂರಿನಲ್ಲಿ ಮಕ್ಕಳ ಕೀಲು ನೋಡುವ ಡಾಕ್ಟರಮ್ಮ ಒಬ್ಬರು, ಇದು ಮಕ್ಕಳಿಗೆ ಬರುವ ಸಂಧಿವಾತ ಎಂದರು. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚುವ ಹಾಗೆ, ಮೈ ಕಾಯಬೇಕಾದ ಶಕ್ತಿಯೇ ಕೀಲಿನ ಮೇಲೆ ಬೀಳುತ್ತದಂತೆ.

ನನ್ನ ಹೆಂಡತಿಗೆ ಅದು ಒಪ್ಪಿಗೆಯಾಗಲಿಲ್ಲ. "ಇದು ಮುದುಕ್ರ ಕಾಯಿಲೆ ಅಲ್ವಾ? ನಮ್ ಮಂಡಿ ಗಟ್ಟಿಯಾಗಿ ಐತೆ, ಕೂಸಿಗೆ ಬಂದೈತಲ್ಲ. ದೇವ್ರು ಮನೆ ನಂಬರ್ ಸರಿಯಾಗಿ ನೋಡ್ದೆ ಕಳ್ಸವ್ನೆ" ಎಂದು ಬಸ್ಸಿನುದ್ದಕ್ಕೂ ಗೊಣಗಿದಳು.

ಮೊದಲು ನೋವಿಗೆ ಮತ್ತು ಊತಕ್ಕೆ ಒಂದು ಮಾತ್ರೆ ಕೊಟ್ಟಿದ್ದರು. "ಹೊಟ್ಟೆಗೆ ಏನಾದ್ರೂ ಕೊಟ್ಟ ಮೇಲೆಯೇ ಕೊಡಿ" ಎಂದು ಎರಡು ಸಲ ಹೇಳಿದ್ದರು. ನಾವು ಹಾಗೆಯೇ ಕೊಟ್ಟೆವು. ನಮ್ಮದು ಕಾಫಿ ಸೀಮೆ. ಎದ್ದು ಮುಖ ತೊಳೆದ ಕೂಡಲೇ ಎಲ್ಲರಿಗೂ ಬೆಲ್ಲದ ಕಾಫಿ, ಮಕ್ಕಳಿಗೆ ಹಾಲು ಜಾಸ್ತಿ ಹಾಕಿದ್ದು. ರೊಟ್ಟಿ ಬರುವುದು ಎಷ್ಟೋ ಹೊತ್ತಿನ ಮೇಲೆ. ಕಾಫಿ ಕುಡಿದವನನ್ನು ಉಪವಾಸ ಇದ್ದಾನೆ ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಹತ್ತು ದಿನಕ್ಕೆ ಹುಡುಗಿ ಎದೆಗೂಡಿನ ಕೆಳಗೆ ಕೈ ಒತ್ತಿಕೊಂಡು ಬಗ್ಗಿ ಕೂತಳು. ಫೋನ್ ಮಾಡಿ ಕೇಳಿದರೆ ಡಾಕ್ಟರಮ್ಮ, "ಅಜ್ಜರೇ, ಕಾಫಿ ಊಟ ಅಲ್ಲ!" ಎಂದು ನಕ್ಕರು, ಆಮೇಲೆ ಗಂಭೀರವಾಗಿ, ಉರಿ ತಗ್ಗಿಸಲು ಬೇರೊಂದು ಮಾತ್ರೆ ಹೇಳಿ, ಮಲ ಕಪ್ಪಗಾದರೆ ತಡಮಾಡದೆ ಕರೆತರಬೇಕೆಂದರು. ಅಂಥದ್ದೇನೂ ಆಗಲಿಲ್ಲ. ರೊಟ್ಟಿ ಮೊದಲು, ಮಾತ್ರೆ ಆಮೇಲೆ ಎಂದು ಮಾಡಿಕೊಂಡೆವು. ಎರಡು ವಾರದಲ್ಲಿ ಉರಿ ನಿಂತಿತು.

ನನಗೆ ಧೈರ್ಯ ಬಂದುಬಿಟ್ಟಿತು. ಈ ಹುಡುಗಿಯ ಹೊಟ್ಟೆಯ ಮರ್ಮ ನನಗೆ ತಿಳಿಯಿತು, ಇನ್ನು ಫೋನ್ ಏಕೆ ಎಂದುಕೊಂಡೆ.

ಅದಾದ ಮೇಲೆ ಶುರುವಾದದ್ದು ವಾರದ ಮಾತ್ರೆ. ನಾಲ್ಕು ಪುಟಾಣಿ ಹಳದಿ ಮಾತ್ರೆ, ವಾರಕ್ಕೆ ಒಂದೇ ದಿನ, ಅಪ್ಪಿತಪ್ಪಿಯೂ ಇನ್ನೊಂದು ದಿನ ಕೊಡಬಾರದು. ಕಾಯಿಲೆಯ ಬುಡಕ್ಕೆ ಕೈಹಾಕುವ ಔಷಧಿ ಅದೇ ಎಂದಿದ್ದರು. ನಾನು ಯೋಚಿಸಿದೆ: ಹೊಟ್ಟೆ ತುಂಬಿರಬೇಕು ತಾನೇ? ನಮ್ಮ ಮನೆಯಲ್ಲಿ ಹೊಟ್ಟೆ ಪೂರಾ ತುಂಬುವುದು ಭಾನುವಾರ ಮಧ್ಯಾಹ್ನ. ಅಕ್ಕಿ ತರಿಯ ಕಡುಬು, ಕೋಳಿ ಸಾರು. ಹುಡುಗಿಗೆ ಕಡುಬೆಂದರೆ ಪ್ರಾಣ. ಹಬೆಯಿಂದ ಇಳಿಸಿದ ಬಿಸಿ ಉಂಡೆಯನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತಾ ಊದಿ ಊದಿ ತಿನ್ನುತ್ತಿದ್ದಳು. ಹಾಗಾಗಿ ಭಾನುವಾರದ ಊಟದ ಮೇಲೆ ಮಾತ್ರೆ ಎಂದು ಗೊತ್ತು ಮಾಡಿದೆ.

ಔಷಧಿ ಕೆಲಸ ಮಾಡಿತು, ಅದನ್ನು ಹೇಳಲೇಬೇಕು. ಮೂರು ತಿಂಗಳಿಗೆ ಮಂಡಿಯ ಊತ ಇಳಿಯಿತು. ಸ್ಕೂಲಿಗೆ ಹೋಗುವ ಜೀಪು ನಿಲ್ಲುವ ಜಾಗದವರೆಗೆ ಬ್ಯಾಗು ಹೊತ್ತು ತಾನೇ ನಡೆದಳು. ಆದರೆ ಸೋಮವಾರ ಮಾತ್ರ ಎದ್ದ ಕೂಡಲೇ ಹೊಟ್ಟೆ ತೊಳಸು. ಬಾಗಿಲ ದಾರಂದ ತಬ್ಬಿಕೊಂಡು ನಿಂತು ಬಾಯಲ್ಲಿ ನೀರು ಸುರಿಸುತ್ತಿದ್ದಳು. ಬರಬರುತ್ತಾ ಭಾನುವಾರವೇ ಶುರುವಾಯಿತು. ಆಮೇಲೆ ಮಾತ್ರೆಯ ಹಾಳೆ ಕಂಡರೆ ಸಾಕು. ಕೊನೆಕೊನೆಗೆ ಅರಿಶಿನದ ಡಬ್ಬಿ ಕಂಡರೂ ಓಕರಿಕೆ. ಮಗ, "ಬಾಯಿಗೆ ಹಾಕೋಕ್ ಮುಂಚೆನೇ ವಾಂತಿ ಅಂದ್ರೆ ಏನಪ್ಪಾ? ಸ್ಕೂಲ್ ತಪ್ಸೋ ನಾಟ್ಕ" ಎಂದ. ನನ್ನ ಹೆಂಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು, ಹುಡುಗಿ ಇನ್ನೊಂದು ಸಲ ವಾಂತಿ ಮಾಡಿದಳು.

ಒಂದು ಭಾನುವಾರ ಹಲ್ಲು ಕಚ್ಚಿ ಕೂತುಬಿಟ್ಟಳು.

"ಬ್ಯಾಡ ತಾತ. ಮಂಡಿ ನೋವಾದ್ರೆ ಆಗ್ಲಿ. ಹೊಟ್ಟೆ ತೊಳ್ಸೋದು ಬ್ಯಾಡ."

"ಮಂಡಿ ಮತ್ತೆ ಊದ್ಕಂಡ್ರೆ ನಡಿಯಕ್ಕಾಗಲ್ಲ ಕಣವ್ವ."

"ಕೂತ್ಕಂತೀನಿ."

ಎಂಟು ವರ್ಷದ ಹುಡುಗಿ ಹೀಗೆ ಹೇಳಿದರೆ ಯಾವ ತಾತನಿಗೆ ಸಮಾಧಾನವಾದೀತು? ಆ ವಾರ ಮಾತ್ರೆ ತಪ್ಪಿತು. ಮುಂದಿನ ವಾರವೂ ತಪ್ಪಿತು. ಬೆಳಿಗ್ಗೆ ಎದ್ದಾಗ ಮತ್ತೆ ಗೋಡೆ ಹಿಡಿಯತೊಡಗಿದಳು. ಆಗ ನನಗೆ ನನ್ನ ಹಳೆಯ ವಿದ್ಯೆ ನೆನಪಾಯಿತು.

ಮೂರನೆಯ ಭಾನುವಾರ ಅಡುಗೆಮನೆಯಲ್ಲಿ ನಾಲ್ಕು ಚಿಕ್ಕ ಕಡುಬು ಆರಿಸಿ, ಬಿಸಿ ಇರುವಾಗಲೇ ಬೆರಳಿನಿಂದ ತೂತು ಮಾಡಿ, ಒಂದೊಂದರೊಳಗೆ ಒಂದೊಂದು ಮಾತ್ರೆ ಇಟ್ಟು ಮುಚ್ಚಿದೆ. ತಟ್ಟೆಗೆ ಬಡಿಸಿ, ಕಿಟಕಿಯಾಚೆ ನೋಡುತ್ತಾ ಕಾಳುಮೆಣಸಿನ ಮಾತು ತೆಗೆದೆ. ಅವಳು ಅಷ್ಟನ್ನೂ ತಿಂದಳು. ಒಳಗೆ ಹೋಗಿ ಹೆಂಡತಿಗೆ ಮೀಸೆ ತಿರುವಿ ತೋರಿಸಿದೆ.

"ಮಾರಾಯ್ರೇ, ಅದು ಕರು ಅಲ್ಲ" ಎಂದಳು ಅವಳು.

"ಕರುಗಿಂತ ಸುಲಭ ಆಯ್ತು" ಎಂದೆ ನಾನು.

ಮುಂದಿನ ವಾರ ಒಂದು ಮಾತ್ರೆ ಅವಳ ಹಲ್ಲಿಗೆ ಸಿಕ್ಕಿತು. ಅಗಿಯುತ್ತಿದ್ದ ಬಾಯಿ ನಿಂತಿತು. ಉಗುಳಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಬಯ್ದಿದ್ದರೆ ಚೆನ್ನಾಗಿತ್ತು. ಎದ್ದು ಹೊರಗೆ ಹೋಗಿ ವಾಂತಿ ಮಾಡಿ ಬಂದು, ತಟ್ಟೆಯನ್ನು ನನ್ನ ಕಡೆಗೆ ತಳ್ಳಿ ಮಲಗಿದಳು. ಅವತ್ತಿನಿಂದ ಕಡುಬು ಮುಟ್ಟಲಿಲ್ಲ.

ಅಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು. ಕಳ್ಳಾಟದಲ್ಲಿ ಒಮ್ಮೆ ಗೆದ್ದವನಿಗೆ ನಿಲ್ಲಿಸಲು ಬುದ್ಧಿ ಬರುವುದಿಲ್ಲ. ಪುಟ್ಟಬಾಳೆ ಹಣ್ಣಿನಲ್ಲಿ ಇಟ್ಟೆ. ಒಂದು ವಾರ ಹೋಯಿತು, ಆಮೇಲೆ ಬಾಳೆಹಣ್ಣು ಬೇಡವೆಂದಳು. ಎಳ್ಳುಂಡೆಯಲ್ಲಿ ಇಟ್ಟೆ, ಎಳ್ಳುಂಡೆ ಬಿಟ್ಟಳು. ಹಾನುಬಾಳಿನ ಬೇಕರಿಯಿಂದ ದಿಲ್‌ಪಸಂದ್ ತಂದು ಕೊಬ್ಬರಿಯ ನಡುವೆ ಹುದುಗಿಸಿದೆ. ಅದಕ್ಕೋಸ್ಕರ ಮೊದಲು, ನಾನು ಹಾನುಬಾಳಿಗೆ ಹೊರಟರೆ ಜೀಪಿನ ಹಿಂದೆಯೇ ಓಡಿ ಬರುತ್ತಿದ್ದವಳು ಈಗ ಬೇಕರಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗತೊಡಗಿದಳು. ಅವಳಿಗೆ ಪ್ರಿಯವಾದ ತಿಂಡಿಗಳನ್ನು ಒಂದೊಂದಾಗಿ ನಾನೇ ಅವಳ ಬಾಯಿಂದ ಕಿತ್ತುಕೊಂಡೆ. ಕೊನೆಗೆ ಮೊಸರನ್ನ ಬಿಟ್ಟರೆ ಬೇರೆ ಯಾವುದೂ ಇಳಿಯುತ್ತಿರಲಿಲ್ಲ. ಅದನ್ನೂ ಅವಳ ಅಮ್ಮ ಎಲ್ಲರಿಗೂ ಬಡಿಸಿದ ಪಾತ್ರೆಯಿಂದಲೇ ಬಡಿಸಬೇಕು, ನಾನು ಹತ್ತಿರ ಇರಬಾರದು.

ಸೊಸೆ ನನ್ನೊಡನೆ ಹೆಚ್ಚು ಮಾತಾಡುವವಳಲ್ಲ. ಒಂದು ದಿನ ಯೂನಿಫಾರ್ಮಿನ ಲಂಗ ಹಿಡಿದು ಬಂದು ನಿಂತಳು. "ಮಾವ, ಇದು ಸೊಂಟದಲ್ಲಿ ನಿಲ್ತಿಲ್ಲ. ಮಾತ್ರೆನೂ ಹೊಟ್ಟೇಲಿ ಉಳೀತಿಲ್ಲ, ಊಟನೂ ಹೋಗ್ತಿಲ್ಲ. ನೀವೇ ಒಂದ್ಸಲ ಕರ್ಕಂಡೋಗಿ ಡಾಕ್ಟ್ರಿಗೆ ಎಲ್ಲ ಹೇಳಿ." ಎಲ್ಲ ಎನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದಳು.

"ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅವತ್ತು ಡಾಕ್ಟರಮ್ಮನ ಚೀಟಿ ಹುಡುಕಿ ಜೇಬಿಗೆ ಇಟ್ಟುಕೊಂಡೆ.

ಜನವರಿ. ಎಲ್ಲ ಕಡೆ ಕಾಫಿ ಕೊಯ್ಲು. ಮಗನಿಗೆ ರಜೆ ಇಲ್ಲ. ನಾನೂ ಹುಡುಗಿಯೂ ಸಕಲೇಶಪುರದಲ್ಲಿ ಮಂಗಳೂರಿನ ಬಸ್ಸು ಹತ್ತಿದೆವು. ಘಾಟಿಯ ತಿರುವಿಗೆ ಇರಲಿ ಎಂದು ಸೊಸೆ ಒಂದು ನಿಂಬೆಹಣ್ಣನ್ನೂ ಪ್ಲಾಸ್ಟಿಕ್ ಕವರನ್ನೂ ಕೊಟ್ಟಿದ್ದಳು. ಮಾರನಹಳ್ಳಿಗೆ ಬಂದಾಗ ಮುಂದೆ ಎಲ್ಲೋ ಲಾರಿ ಕೆಟ್ಟು ನಿಂತು ವಾಹನಗಳ ಸಾಲು. ಬಸ್ಸು ನಿಂತಿತು. ಒಬ್ಬಾಕೆ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಹೊತ್ತು ಕಿಟಕಿಯ ಕೆಳಗೆ ಬಂದಳು. ಬೆಳಿಗ್ಗೆಯಿಂದ ಹುಡುಗಿ ಏನೂ ತಿಂದಿರಲಿಲ್ಲ. ಎರಡು ಹಣ್ಣು ಕೊಂಡು ಒಂದನ್ನು ಅವಳ ಕೈಗಿತ್ತೆ.

"ತಗೋ ಮಗಾ. ಬಾಯಿಗೆ ಹಿತವಾಗ್ತದೆ."

ತೆಗೆದುಕೊಂಡಳು. ಸಿಪ್ಪೆ ಸುಲಿದಳು. ತೊಳೆಗಳನ್ನು ಬಿಡಿಸಿ ಮಡಿಲಲ್ಲಿ ಸಾಲಾಗಿ ಇಟ್ಟುಕೊಂಡಳು. ಆಮೇಲೆ ಒಂದೊಂದೇ ತೊಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಬೆರಳಲ್ಲಿ ಹಿಚುಕಿ ನೋಡಿದಳು. ಒಂದರಲ್ಲಿ ಬೀಜ ಕೈಗೆ ತಾಗಿತೋ ಏನೋ, ಅದನ್ನು ಹರಿದು ಬೀಜ ತೆಗೆದು ಮೂಸಿದಳು.

ಕಂಡಕ್ಟರ್ ಪಕ್ಕದಲ್ಲೇ ನಿಂತಿದ್ದ. "ಏನವ್ವಾ, ಹುಳ ಐತಾ?" ಎಂದ.

"ಹುಳ ಅಲ್ಲ. ಮಾತ್ರೆ."

"ಕಿತ್ಲೆ ಹಣ್ಣೊಳಗೆ ಮಾತ್ರೆನಾ?"

"ನಮ್ ತಾತ ಇಡ್ತಾನೆ."

ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಏನ್ ಯಜಮಾನ್ರೇ! ಸಿಪ್ಪೆ ಬಿಚ್ದಂಗೆ ಒಳಗೆ ಇಕ್ಬುಟ್ರಾ? ನೀವ್ ಇಲ್ಲಿರ್ಬೇಕಾದೋರಲ್ಲ ಕಣ್ರೀ" ಎಂದ. ಮುಂದಿನ ಸೀಟಿನವರೂ ಹಿಂದಿನ ಸೀಟಿನವರೂ ನಕ್ಕರು. ಬೇರೆ ಯಾರ ವಿಷಯವಾಗಿದ್ದರೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಅವತ್ತು ಆಗಲಿಲ್ಲ. ಮರದಲ್ಲಿ ಬೆಳೆದ ಹಣ್ಣನ್ನೂ ನನ್ನ ಕೈ ಮುಟ್ಟಿತೆಂಬ ಕಾರಣಕ್ಕೆ ಈ ಮಗು ನಂಬುತ್ತಿಲ್ಲ.

"ಇದ್ರಲ್ಲಿ ಇಲ್ಲ ಕಣವ್ವ" ಎಂದೆ.

"ಬಾಳೆಹಣ್ಣಲ್ಲೂ ಇಲ್ಲ ಅಂದಿದ್ದೆ."

ಹೌದು, ಅಂದಿದ್ದೆ. ಕಂಡಕ್ಟರ್ ಕೆಳಗಿಳಿದು ಹೋಗುವವರೆಗೂ ಕಾದು ಹೇಳಿದೆ. "ತಪ್ಪು ಮಾಡ್ಬುಟ್ಟೆ ಮಗಾ. ನಿನ್ ಮಂಡಿ ಊದ್ಕಂಡ್ಬುಡ್ತದೆ ಅಂತ ಹೆದ್ರಿ ಹಂಗ್ಮಾಡ್ದೆ. ಇನ್ಮೇಲೆ ಯಾವ್ದ್ರಲ್ಲೂ ಇಡಲ್ಲ."

"ಆಣೆ?"

"ಆಣೆ."

"ಯಾರ್ ಮೇಲೆ?"

ಸ್ವಲ್ಪ ಯೋಚಿಸಿದೆ. "ನಮ್ ಗಬ್ಬದ ಹಸಿನ ಮೇಲೆ."

ಆ ಹಸುವಿನ ಮೇಲೆ ನನಗೆಷ್ಟು ಆಸೆಯೆಂದು ಅವಳಿಗೆ ಗೊತ್ತು. ಆದರೂ ಉಳಿದ ತೊಳೆಗಳನ್ನು ಪರೀಕ್ಷೆ ಮಾಡಿಯೇ ತಿಂದಳು. ನಾನು ತಡೆಯಲಿಲ್ಲ. ಎರಡನೆಯ ಹಣ್ಣನ್ನು ಕೇಳಿ ತೆಗೆದುಕೊಂಡಳು, ಅಷ್ಟು ಸಾಕೆನಿಸಿತು. ಘಾಟಿಯ ಅಷ್ಟೂ ತಿರುವಿನಲ್ಲಿ ವಾಂತಿ ಆಗಲಿಲ್ಲ.

ಡಾಕ್ಟರಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದರು. "ಎಂತ ಆಯ್ತು?" ಎಂದು ನನ್ನನ್ನು ಕೇಳಿದರು. ನಾನು ಹುಡುಗಿಯ ಕಡೆ ತಿರುಗಿ, "ನೀನೇ ಹೇಳವ್ವ" ಎಂದೆ. ಒಂದೂ ಬಿಡದೆ ಹೇಳಿದಳು. ಕಡುಬು, ಬಾಳೆಹಣ್ಣು, ಎಳ್ಳುಂಡೆ, ದಿಲ್‌ಪಸಂದ್, ಅರಿಶಿನದ ಡಬ್ಬಿ, ಅಪ್ಪ ನಾಟಕ ಅಂದದ್ದು, ಅಜ್ಜಿಯ ಮೆಣಸಿನಕಾಯಿ ಘಾಟು. ನಾನು ಮೀಸೆ ತಿರುವಿದ್ದನ್ನೂ ನೋಡಿದ್ದಳಂತೆ.

"ಅಯ್ಯೋ ಅಜ್ಜರೇ, ಎಂಥ ಕೆಲಸ ಮಾಡಿದ್ರಿ ಮಾರ್ರೆ!" ಎಂದರು ಡಾಕ್ಟರಮ್ಮ. ಆಮೇಲೆ ನನಗಲ್ಲ, ಹುಡುಗಿಗೆ ವಿವರಿಸಿದರು. ಇದು ನಾಟಕವಲ್ಲ. ಈ ಮಾತ್ರೆ ತಿನ್ನುವ ಬಹಳ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಕೆಲವು ವಾರ ಕಳೆದ ಮೇಲೆ ಹೊಟ್ಟೆ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮಾತ್ರೆ ಒಳಗೆ ಹೋಗುವ ಮೊದಲೇ, ನೋಡಿದರೇ ತಿರುಗುತ್ತದೆ. ಇಷ್ಟದ ತಿಂಡಿಯಲ್ಲಿ ಅಡಗಿಸಿದರೆ ಹೊಟ್ಟೆ ಮಾತ್ರೆಯನ್ನು ಬಿಟ್ಟು ತಿಂಡಿಯನ್ನು ಬಯ್ಯುತ್ತದೆ.

"ನೋಡು" ಎಂದರು ಅವಳಿಗೆ, "ಮೊದಲು ವಾಂತಿ ಆಗದ ಹಾಗೆ ಒಂದು ಮಾತ್ರೆ ಕೊಡ್ತೇನೆ. ಬೇರೆ ದಿನ ತಗೊಳ್ಳಿಕ್ಕೆ ಒಂದು ವಿಟಮಿನ್ ಮಾತ್ರೆ ಉಂಟು, ಅದನ್ನು ಬಿಡ್ಲಿಕ್ಕಿಲ್ಲ. ಸಂಜೆ ಊಟ ಆದ ಮೇಲೆ ತಗೊಂಡ್ರೆ ತೊಂದರೆ ಕಡಿಮೆ. ಎರಡು ತಿಂಗಳು ನೋಡುವ. ಆಗ್ಲಿಲ್ಲಾಂದ್ರೆ ಇದೇ ಮದ್ದು ಇಂಜೆಕ್ಷನ್‌ನಲ್ಲಿ ಬರ್ತದೆ, ಹೆದರುವಂಥದ್ದು ಎಂತದೂ ಇಲ್ಲ. ಈಗ ಹೇಳು, ಯಾವ ದಿನ ತಗೊಳ್ತಿ? ಯಾವುದರ ಜೊತೆ?"

ತನ್ನನ್ನು ಯಾರಾದರೂ ಹೀಗೆ ಕೇಳುತ್ತಾರೆಂದು ಅವಳು ನೆನೆಸಿರಲಿಲ್ಲ. ನಾನೂ ನೆನೆಸಿರಲಿಲ್ಲ. ಬೆರಳು ಮಡಿಚಿ ಮಡಿಚಿ ಯೋಚಿಸಿದಳು.

"ಶುಕ್ರವಾರ. ಶನಿವಾರ ಅರ್ಧ ದಿನ ಸ್ಕೂಲು, ಹೋಗ್ದಿದ್ರೂ ಮಿಸ್ಸು ಬೈಯಲ್ಲ. ಭಾನುವಾರ ಹೊಟ್ಟೆ ಖಾಲಿ ಇರ್ಬೇಕು ನಂಗೆ, ಕೋಳಿ ಸಾರಿಗೆ."

"ಸರಿ. ಯಾವುದರ ಜೊತೆ?"

"ಬ್ರೆಡ್ಡು."

"ಬ್ರೆಡ್ ಅಷ್ಟು ಇಷ್ಟವಾ?"

"ಇಲ್ಲ. ಅದು ಹೆಂಗೂ ಜ್ವರ ಬಂದೋರ್ ತಿನ್ನೋದು. ಕೆಟ್ರೆ ಅದೇ ಕೆಟ್ಟೋಗ್ಲಿ."

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನನಗೆ ನಗುವಿಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ನಮ್ಮ ಕಡೆ ಬ್ರೆಡ್ಡು ಮನೆಗೆ ಬರುವುದು ಯಾರಾದರೂ ಹಾಸಿಗೆ ಹಿಡಿದಾಗಲೇ, ಚೆನ್ನಾಗಿರುವವನು ತಿಂದರೆ, "ಯಾಕೋ, ಹುಷಾರಿಲ್ವಾ?" ಎಂದು ಕೇಳುತ್ತಾರೆ. ಒಳ್ಳೆಯ ತಿಂಡಿಯನ್ನೆಲ್ಲ ಉಳಿಸಿ, ಹೋದರೂ ಪರವಾಗಿಲ್ಲ ಎನ್ನುವಂಥದ್ದನ್ನು ಆರಿಸಿ ಕೊಟ್ಟಿದ್ದಳು ಹುಡುಗಿ. ದನದ ಡಾಕ್ಟರಿಕೆ ಮಾಡಿಕೊಂಡು ಬಂದ ನನಗೆ ಅದು ಹೊಳೆದಿರಲಿಲ್ಲ.

ಮುಂದಿನ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ನಾವಿಬ್ಬರೂ ಮನೆಯ ಮುಂದಿನ ಜಗಲಿಯ ಮೇಲೆ ಕೂತೆವು. ಮಾತ್ರೆಯ ಹಾಳೆ ಅವಳ ಕೈಯಲ್ಲಿ. ನಾಲ್ಕನ್ನು ಒತ್ತಿ ತೆಗೆದು, ಎಣಿಸಿ ನನಗೆ ತೋರಿಸಿದಳು. ಒಂದು ತುಂಡು ಬ್ರೆಡ್ಡು ತನಗೆ, ಇನ್ನೊಂದು ನನಗೆ.

"ನಂಗ್ಯಾಕವ್ವ? ನಂಗೇನಾಗೈತೆ?"

"ತಿನ್ನು. ನಾನ್ ತಿಂದಿಲ್ವಾ ನೀನ್ ಕೊಟ್ಟಿದ್ದೆಲ್ಲ?"

ತಿಂದೆ. ಒಳಗಿನಿಂದ ನನ್ನ ಹೆಂಡತಿ, "ಇಬ್ರಿಗೂ ಜ್ವರನಾ?" ಎಂದು ಕೂಗಿದಳು.

ಮೊದಲ ವಾರ ಹೊಟ್ಟೆ ತೊಳಸಿತು, ವಾಂತಿಯಾಗಲಿಲ್ಲ. ಎರಡನೆಯ ವಾರ ಆಯಿತು. ಆಗ ನಾನು ಕಷಾಯಕ್ಕೆ ಶುಂಠಿ ಹುಡುಕಲಿಲ್ಲ, ಫೋನ್ ಹುಡುಕಿದೆ. ಅವತ್ತೇ ಮತ್ತೆ ಮಾತ್ರೆ ಕೊಡಬೇಡಿ, ಮುಂದಿನ ವಾರ ವಾಂತಿಯ ಮಾತ್ರೆಯನ್ನು ಇನ್ನೂ ಸ್ವಲ್ಪ ಮೊದಲೇ ಕೊಡಿ ಎಂದರು ಡಾಕ್ಟರಮ್ಮ. ಹಾಗೆಯೇ ಮಾಡಿದೆವು. ಐದನೆಯ ಶುಕ್ರವಾರದ ಹೊತ್ತಿಗೆ ಹುಡುಗಿ ಮಾತ್ರೆ ನುಂಗುತ್ತಲೇ ಮಗ್ಗಿ ಹೇಳುತ್ತಿದ್ದಳು. ಮಗ ಬಂದು ಪಕ್ಕದಲ್ಲಿ ಕೂತು, "ನಾಟ್ಕ ಅಂದಿದ್ದಕ್ಕೆ ಕೋಪ ಐತಾ?" ಎಂದು ಕೇಳಿದ. "ಐತೆ" ಎಂದು ಅವನಿಗೂ ಒಂದು ತುಂಡು ಬ್ರೆಡ್ಡು ಕೊಟ್ಟಳು.

ಒಂದು ಶುಕ್ರವಾರ ಬ್ರೆಡ್ಡು ಇಲ್ಲದೇ ಹೋಯಿತು. ನಾನು ಹಾನುಬಾಳಿಗೆ ಹೋದಾಗ ಅಂಗಡಿಯಲ್ಲಿ ಮುಗಿದಿತ್ತು, ಬೇಕರಿ ಬಾಗಿಲು ಹಾಕಿತ್ತು. ಬರಿಗೈಯಲ್ಲಿ ಬಂದು ಅವಳಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಈ ವಾರ ತಪ್ಪಿತೇನೋ ಎಂದು ನನಗೆ ಒಳಗೊಳಗೇ ದಿಗಿಲು. ಅವಳು ಆಗಲೇ ಊಟ ಮುಗಿಸಿ ಜಗಲಿಯ ಮೇಲೆ ಕಾಲು ಆಡಿಸುತ್ತಾ ಕೂತಿದ್ದಳು. ಆಗ ಗಮನಿಸಿದೆ, ಎರಡು ಮಂಡಿಯೂ ಒಂದೇ ಸಮ ಮಡಿಚುತ್ತಿದ್ದವು.

"ಹಂಗಾದ್ರೆ ನೀನೇ ಏನಾದ್ರೂ ಕೊಡು ತಾತ" ಎಂದಳು.

ಒಳಗೆ ಹೋಗಿ ನೋಡಿದರೆ ಹೆಂಡತಿ ಆಗ ತಾನೇ ಹೆಂಚಿನಿಂದ ತೆಗೆದ ಅಕ್ಕಿ ರೊಟ್ಟಿ. ಒಂದನ್ನು ತಟ್ಟೆಯಲ್ಲಿ ತಂದು ಮುಂದಿಟ್ಟೆ. ಇಟ್ಟವನು ಸುಮ್ಮನಿರಲಾಗದೆ, "ಅಕ್ಕಿ ಹಿಟ್ಟು, ಉಪ್ಪು, ಈರುಳ್ಳಿ, ಸಬ್ಬಸಿಗೆ ಸೊಪ್ಪು. ಇನ್ನೇನೂ ಇಲ್ಲ. ಮುರಿದು ನೋಡ್ಕೋ" ಎಂದೆ.

"ಗೊತ್ತು, ಸುಮ್ನಿರು."

ಮುರಿದು ನೋಡಲಿಲ್ಲ. ಮಾತ್ರೆಗಳನ್ನು ತಾನೇ ಬಾಯಿಗೆ ಹಾಕಿಕೊಂಡು ನೀರು ಕುಡಿದಳು, ರೊಟ್ಟಿಯನ್ನು ಸುರುಳಿ ಸುತ್ತಿ ಒಂದು ತುದಿಯಿಂದ ಕಚ್ಚಿದಳು. ನಾನು ಅವಳ ದವಡೆಯನ್ನೇ ನೋಡುತ್ತಿದ್ದೆ.

"ರೊಟ್ಟಿನೂ ಬ್ಯಾಡ ಆಗ್ಬುಟ್ರೆ?" ಎಂದು ಕೇಳಿಯೇ ಬಿಟ್ಟೆ.

"ಆಗಲ್ಲ. ಹೇಳ್ಬುಟ್ಟೇ ಕೊಟ್ಟಿದ್ದೀಯಲ್ಲ." ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ತಟ್ಟೆಯನ್ನು ತಿರುಗಿಸಿ ನೋಡಿದಳು. "ಬರೀ ರೊಟ್ಟಿ ಹೆಂಗ್ ತಿನ್ನದು ತಾತ? ಚಟ್ನಿ ಎಲ್ಲಿ?"

ಚಟ್ನಿ ತರಲು ಒಳಗೆ ಹೋದೆ.